ಹಾಡಲು ಬರುತ್ತದೆ, ಕಲಿಸಲು?

ಸಂಗೀತ ಪದವಿಯ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಜಮಖಾನೆಯ ಮೇಲೆ ವಿದ್ಯಾರ್ಥಿನಿ, ಪಕ್ಕದಲ್ಲಿ ಶ್ರುತಿಪೆಟ್ಟಿಗೆ, ಎದುರಿಗೆ ಇಬ್ಬರು ಪರೀಕ್ಷಕರು. ಒಬ್ಬರು ಅದೇ ಕಾಲೇಜಿನವರು, ಇನ್ನೊಬ್ಬರು ಹೊರಗಿನವರು. ‘ತೋಡಿ ಆಲಾಪನೆ ಮಾಡಮ್ಮ’ ಎನ್ನುತ್ತಾರೆ. ಮಾಡುತ್ತಾಳೆ. ಕೃತಿ, ನೆರವಲ್, ಕಲ್ಪನಾಸ್ವರ ಆಗುತ್ತವೆ. ಪಲ್ಲವಿಯನ್ನು ತ್ರಿಕಾಲ ಮಾಡಿಸುತ್ತಾರೆ. ನಡುವೆ ಶಾಸ್ತ್ರದ ನಾಲ್ಕು ಪ್ರಶ್ನೆ: ತೋಡಿ ಎಷ್ಟನೆಯ ಮೇಳ, ದಶವಿಧ ಗಮಕಗಳು ಯಾವುವು, ಅನುಲೋಮ ಪ್ರತಿಲೋಮ ಎಂದರೇನು. ‘ಚೆನ್ನಾಗಿ ಹಾಡಿದೆ, ಸಾಧನೆ ಬಿಡಬೇಡ’ ಎಂಬ ಮಾತಿನೊಂದಿಗೆ ಪರೀಕ್ಷೆ ಮುಗಿಯುತ್ತದೆ.

ಯಾರೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ. ಬರುವ ಜೂನ್‌ನಲ್ಲಿ ಇದೇ ಹುಡುಗಿ ಯಾವುದೋ ಶಾಲೆಯಲ್ಲಿ ಐದನೇ ತರಗತಿಯ ನಲವತ್ತು ಮಕ್ಕಳ ಮುಂದೆ ನಿಂತಿರುತ್ತಾಳೆ. ಅವರಲ್ಲಿ ಕೆಲವರಿಗೆ ಷಡ್ಜವೇ ನಿಲ್ಲುವುದಿಲ್ಲ, ಕೆಲವರು ಬಾಯಿ ತೆರೆಯುವುದೇ ಇಲ್ಲ, ಇಬ್ಬರು ಮೂವರು ಕಿರುಚುತ್ತಾರೆ. ಅವಧಿ ಇರುವುದು ನಲವತ್ತು ನಿಮಿಷ. ಮೊದಲ ಹತ್ತು ನಿಮಿಷ ಏನು ಮಾಡುತ್ತೀಯ? ಮೂರು ವರ್ಷದ ಓದಿನಲ್ಲಿ ಇದಕ್ಕೆ ಉತ್ತರ ಸಿಕ್ಕಿದೆಯೇ ಎಂದು ಪರೀಕ್ಷಿಸಲು ಅಂಕಪಟ್ಟಿಯಲ್ಲಿ ಜಾಗವಿಲ್ಲ.

ಸಂಗೀತ ಓದಿದವರೆಲ್ಲ ಕಛೇರಿ ಮಾಡಿ ಬದುಕುವುದಿಲ್ಲ. ಕಾಲೇಜಿನ ಒಳಗಿರುವ ಎಲ್ಲರಿಗೂ ಇದು ಗೊತ್ತು, ಹೊರಗೆ ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಪಾಠದ ಕಡೆಗೇ. ಶಾಲೆಯಲ್ಲಿ, ಮನೆಯಲ್ಲಿ, ಬಡಾವಣೆಯ ಸಂಗೀತ ಶಾಲೆಯಲ್ಲಿ, ಈಚೆಗೆ ಆನ್‌ಲೈನ್‌ನಲ್ಲಿ ಅಮೆರಿಕದ ಕನ್ನಡ ಮಕ್ಕಳಿಗೆ ಬೆಳಗಿನ ಜಾವ. ಆದರೂ ಪಠ್ಯಕ್ರಮ ಮಾತ್ರ ಪ್ರತಿಯೊಬ್ಬರನ್ನೂ ವೇದಿಕೆಗೆಂದೇ ತಯಾರು ಮಾಡುತ್ತದೆ. ಸಂಗೀತ ಶಿಕ್ಷಕರಾಗಬೇಕೆಂದು ಕಾಲೇಜು ಸೇರುವವರು ಮೊದಲು ತಿಳಿದಿರಬೇಕಾದದ್ದು ಈ ಅಂತರವನ್ನು.

ದಾರಿಗಳು ಒಂದೆರಡಲ್ಲ. ಕರ್ನಾಟಕದಲ್ಲಿ ಬಹುಕಾಲದಿಂದ ಇರುವುದು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ದಾರಿ. ವಿದ್ವತ್ತಿನಲ್ಲೇ ಪೂರ್ವ ಮತ್ತು ಅಂತಿಮ ಎಂದು ಎರಡು ಹಂತ. ಇವನ್ನು ಬಹಳ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಮಂಡಳಿಯೇ ನಡೆಸುತ್ತಿತ್ತು. ಈಚೆಗೆ ಹೊಣೆ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಹಿಂದೂಸ್ತಾನಿ ಕಲಿಯುವ ಉತ್ತರ ಕರ್ನಾಟಕದ ಮಕ್ಕಳು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆ ಕಟ್ಟುತ್ತಾರೆ. ಪ್ರಾರಂಭಿಕದಿಂದ ಹಿಡಿದು ಪ್ರವೇಶಿಕಾ, ಮಧ್ಯಮಾ ದಾಟಿ ವಿಶಾರದ ಪೂರ್ಣಕ್ಕೆ ಬರುವಷ್ಟರಲ್ಲಿ ಏಳು ಪರೀಕ್ಷೆ ಆಗಿರುತ್ತದೆ. ಅದರ ಮೇಲೆ ಅಲಂಕಾರ. ಮೂರನೆಯದು ಕಾಲೇಜಿನ ದಾರಿ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ, ಜೊತೆಗೆ ಬಿ.ಎ.ಯಲ್ಲಿ ಸಂಗೀತವನ್ನು ಐಚ್ಛಿಕವಾಗಿ ಕೊಡುವ ಕಾಲೇಜುಗಳು. 2009ರ ಕಾಯ್ದೆಯಿಂದ ಹುಟ್ಟಿದ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇವೆಲ್ಲಕ್ಕಿಂತ ಕಿರಿಯದು. ಆ ಹೆಸರಿನ ಗಾಯಕಿ ಸ್ವತಃ ಪ್ರಾಥಮಿಕ ಶಾಲೆಯ ಆಚೆ ಓದಿದವರಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತವರು, ಮುಂದೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದವರು.

ಯಾವ ಪ್ರಮಾಣಪತ್ರಕ್ಕೆ ಯಾವ ಬಾಗಿಲು ತೆರೆಯುತ್ತದೆ ಎಂಬುದು ವಿದ್ಯಾರ್ಥಿಗಳನ್ನು ಹೆಚ್ಚು ಗೊಂದಲಕ್ಕೆ ನೂಕುವ ವಿಷಯ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಸಂಗೀತ ಶಿಕ್ಷಕ ಹುದ್ದೆಗೆ ಪಿಯುಸಿಯಲ್ಲಿ ಶೇ 50 ಅಂಕದ ಜೊತೆಗೆ ಸಂಗೀತದಲ್ಲಿ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಬೇಕು. ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪಾಠ ಹೇಳಲು ಬರಬೇಕು. ನವೋದಯ ವಿದ್ಯಾಲಯಗಳು ಸಂಗೀತ ಪದವಿಯನ್ನೂ ಒಪ್ಪುತ್ತವೆ, ಮಾನ್ಯತೆ ಪಡೆದ ಸಂಸ್ಥೆಯ ಐದು ವರ್ಷದ ಸಂಗೀತಾಭ್ಯಾಸವನ್ನೂ ಒಪ್ಪುತ್ತವೆ. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲೆ, ವೃತ್ತಿ ಶಿಕ್ಷಣದ ಹಾಗೆ ಸಂಗೀತಕ್ಕೂ ಹುದ್ದೆಗಳಿವೆ. ಆದರೆ ಪ್ರತಿ ಶಾಲೆಗೊಬ್ಬ ಸಂಗೀತ ಶಿಕ್ಷಕ ಎಂಬ ಮಾತು ಎಂದೂ ಬಂದಿಲ್ಲ. ಖಾಸಗಿ ಶಾಲೆಗಳದು ಅವರವರ ಲೆಕ್ಕ: ಕೆಲವರು ವಿದ್ವತ್ ಕೇಳುತ್ತಾರೆ, ಕೆಲವರಿಗೆ ಕೀಬೋರ್ಡ್ ನುಡಿಸಲು ಬಂದರೆ ಸಾಕು, ವಾರ್ಷಿಕೋತ್ಸವ ಸಾಂಗವಾಗಿ ನಡೆದರೆ ಸಾಕು.

ಕಾಲೇಜಿನಲ್ಲಿ ಕಲಿಸಬೇಕೆಂದರೆ ಸ್ನಾತಕೋತ್ತರ ಪದವಿ, ಮೇಲೆ ನೆಟ್. ಒಟ್ಟು 150 ಪ್ರಶ್ನೆ, 300 ಅಂಕ, ಮೂರು ಗಂಟೆ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಒಂದು ಸ್ವರವನ್ನೂ ಹಾಡದೆ ಪಾಸಾಗಬಹುದಾದ ಪರೀಕ್ಷೆ ಇದು! ಈ ವಿಚಿತ್ರ ಯುಜಿಸಿಗೂ ಗೊತ್ತಿದ್ದಿರಬೇಕು. 2018ರ ನಿಯಮಾವಳಿಯಲ್ಲಿ ಪಕ್ಕದ ಬಾಗಿಲೊಂದನ್ನು ಇಟ್ಟಿದೆ. ಹೆಸರಾಂತ ಗುರುಗಳಲ್ಲಿ ಕಲಿತು, ಪದವಿ ಪಡೆದು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ ಪಡೆದ ಕಲಾವಿದರೂ ಸಹಾಯಕ ಪ್ರಾಧ್ಯಾಪಕರಾಗಬಹುದು. ಶಾಸ್ತ್ರವನ್ನು ಉದಾಹರಣೆ ಸಮೇತ ವಿವರಿಸಿ ಕಲಿಸುವ ಶಕ್ತಿ ಇರಬೇಕು ಎಂಬ ಷರತ್ತನ್ನೂ ಅಲ್ಲಿ ಬರೆದಿದ್ದಾರೆ. ನೆಟ್ ಬರೆದವರಿಗೆ ಆ ಷರತ್ತಿಲ್ಲ.

ಕಲಿಸುವುದನ್ನೇ ಒಂದು ವಿದ್ಯೆಯಾಗಿ ಕಲಿಸಬೇಕು ಎಂಬುದು ಹೊಸ ಮಾತಲ್ಲ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ ಅವರಿಗೆ ಬೇಕಾಗಿದ್ದದ್ದು ಬರೀ ಗಾಯಕರಲ್ಲ. ಸಂಗೀತವನ್ನು ಮನೆಮನೆಗೆ ಒಯ್ಯಬಲ್ಲ ಶಿಕ್ಷಕರು. ಅದಕ್ಕೆಂದೇ ‘ಉಪದೇಶಕ’ ವರ್ಗವೊಂದನ್ನು ನಡೆಸಿದರು. ಶುಲ್ಕವಿಲ್ಲ, ಊಟ ವಸತಿ ಅಲ್ಲೇ, ಬದಲಿಗೆ ಒಪ್ಪಂದದ ಪ್ರಕಾರ ವರ್ಷಗಟ್ಟಲೆ ಇದ್ದು ಕಲಿಯಬೇಕು, ಕಲಿಸಬೇಕು, ಆಮೇಲೆ ಊರೂರಿಗೆ ಹೋಗಿ ಶಾಲೆ ತೆರೆಯಬೇಕು. ಅವರ ಶಿಷ್ಯರಲ್ಲಿ ವಿನಾಯಕರಾವ್ ಪಟವರ್ಧನ್ ಪುಣೆಯಲ್ಲಿ, ಓಂಕಾರನಾಥ ಠಾಕೂರ್ ಕಾಶಿಯಲ್ಲಿ, ಬಿ.ಆರ್. ದೇವಧರ್ ಮುಂಬೈಯಲ್ಲಿ ಸಂಗೀತ ಶಿಕ್ಷಣದ ನೆಲೆ ಕಟ್ಟಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕ ಶಿವಪುತ್ರ ಕೋಮಕಾಳಿಮಠ, ಅಂದರೆ ಕುಮಾರ ಗಂಧರ್ವ, ದೇವಧರರ ಶಾಲೆಗೇ ಹೋಗಿ ಸೇರಿದ್ದು. ಹುಡುಗ ಅಲ್ಲಿ ಕಲಿತ, ಬೆಳೆದ ಮೇಲೆ ಅಲ್ಲೇ ಕಲಿಸಿದ.

ದಕ್ಷಿಣದಲ್ಲೂ ಇದೇ ಯೋಚನೆ ನಡೆದಿತ್ತು. 1928ರಲ್ಲಿ ಸ್ಥಾಪನೆಯಾದ ಮದರಾಸಿನ ಮ್ಯೂಸಿಕ್ ಅಕಾಡೆಮಿ 1931ರಲ್ಲೇ ಸಂಗೀತ ಶಿಕ್ಷಕರ ಕಾಲೇಜನ್ನು ಆರಂಭಿಸಿತು. ಹೆಸರೇ ಹಾಗಿತ್ತು: ಶಿಕ್ಷಕರ ಕಾಲೇಜು. ಮದರಾಸು ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ಕಟ್ಟಿದ ಪಿ. ಸಾಂಬಮೂರ್ತಿ ಆರು ಸಂಪುಟಗಳಲ್ಲಿ ದಕ್ಷಿಣಾದಿ ಸಂಗೀತದ ಪಠ್ಯ ಬರೆದದ್ದಷ್ಟೇ ಅಲ್ಲ, ಸಂಗೀತ ಬೋಧನೆಯ ಬಗ್ಗೆಯೇ ಬೇರೆ ಪುಸ್ತಕ ಬರೆದರು. ಅವರ ಪಠ್ಯಪುಸ್ತಕಗಳ ನೆರಳು ಇಂದಿನ ವಿದ್ವತ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಮೇಲೂ ಇದೆ. ಬೋಧನೆಯ ಪುಸ್ತಕ ಮಾತ್ರ ಗ್ರಂಥಾಲಯದ ಕಪಾಟಿನಲ್ಲೇ ಉಳಿದಿದೆ.

ಅದಕ್ಕೂ ಮುಂಚಿನ ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರ, ಪಿಳ್ಳಾರಿ ಗೀತೆ ಎಂಬ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಆ ಕ್ರಮವನ್ನು ಶಿಕ್ಷಕನ ಕಣ್ಣಿನಿಂದ ನೋಡಿದರೆ ಬೆರಗಾಗುತ್ತದೆ. ಸರಳೆಯಲ್ಲಿ ಸ್ವರಗಳು ಒಂದರ ಪಕ್ಕ ಒಂದು ನಡೆಯುತ್ತವೆ, ಮಗುವಿಗೆ ಹೆಜ್ಜೆ ತಪ್ಪುವ ಭಯವಿಲ್ಲ. ಜಂಟಿಯಲ್ಲಿ ಅದೇ ಸ್ವರ ಎರಡು ಸಲ, ಎರಡನೆಯದರ ಮೇಲೆ ಒತ್ತು. ಗಂಟಲಿಗೆ ಮೊದಲ ಗಮಕದ ರುಚಿ ಹತ್ತುವುದು ಇಲ್ಲೇ. ದಾಟುವಿನಲ್ಲಿ ನಡುವಿನ ಸ್ವರ ಬಿಟ್ಟು ಜಿಗಿಯಬೇಕು. ಅಲಂಕಾರಕ್ಕೆ ಬಂದಾಗ ಸ್ವರ ಹಳೆಯದು, ತಾಳ ಹೊಸದು, ಏಳು ತಾಳಗಳಿಗೆ ಏಳು ಪಾಠ. ಗೀತೆಯಲ್ಲಿ ಮೊಟ್ಟಮೊದಲ ಬಾರಿಗೆ ಸಾಹಿತ್ಯ ಬರುತ್ತದೆ. ಒಂದು ಪಾಠಕ್ಕೆ ಒಂದೇ ಹೊಸ ಕಷ್ಟ. ರಾಗವೂ ಯೋಚಿಸಿ ಆರಿಸಿದ್ದೇ. 15ನೆಯ ಮೇಳವಾದ ಮಾಯಾಮಾಳವಗೌಳದಲ್ಲಿ ಸ-ರಿ-ಗ-ಮದ ಅಂತರಗಳೇ ಪ-ದ-ನಿ-ಸದಲ್ಲೂ ಮರುಕಳಿಸುತ್ತವೆ. ಕೆಳಗಿನ ಅರ್ಧ ಕೂತರೆ ಮೇಲಿನ ಅರ್ಧ ತಾನಾಗಿ ಕೂರುತ್ತದೆ.

ಪದವಿಯ ಮೊದಲ ಸೆಮಿಸ್ಟರಿನಲ್ಲಿ ಈ ವರಸೆಗಳೆಲ್ಲ ಇವೆ. ‘ಮೂರು ಕಾಲದಲ್ಲಿ ಹಾಡು’ ಎಂದು ಕೇಳುತ್ತಾರೆ. ಈ ಪಾಠ ಆ ಪಾಠಕ್ಕಿಂತ ಮುಂಚೆ ಏಕೆ ಬಂತು, ಮಗು ಎಲ್ಲಿ ಎಡವುತ್ತದೆ, ಎಡವಿದರೆ ಯಾವ ಪಾಠಕ್ಕೆ ಹಿಂದಿರುಗಬೇಕು ಎಂದು ಕೇಳುವುದಿಲ್ಲ. ಕೈಯಲ್ಲೇ ಇರುವ ಬೋಧನಾಶಾಸ್ತ್ರವನ್ನು ಬರೀ ಗಂಟಲಿನ ವ್ಯಾಯಾಮ ಮಾಡಿಬಿಟ್ಟಿದ್ದೇವೆ.

ಶಾಲೆಯ ಕೋಣೆಯೊಳಗೆ ಹೊಕ್ಕರೆ ಮೊದಲು ಎದುರಾಗುವುದು ಶ್ರುತಿ. ಕಾಲೇಜಿನಲ್ಲಿ ಹುಡುಗ ಒಂದು ಮನೆಯಲ್ಲೋ ಒಂದೂವರೆ ಮನೆಯಲ್ಲೋ ಹಾಡಿ ಅಭ್ಯಾಸ ಮಾಡಿರುತ್ತಾನೆ, ಹುಡುಗಿ ಐದು, ಐದೂವರೆಯಲ್ಲಿ. ಐದನೇ ತರಗತಿಯ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಐದು ಆರು ಮನೆಯ ಆಸುಪಾಸು ಹಿತ. ಹಾಗಾಗಿ ಹೊಸ ಮೇಡಂಗೆ ಅಷ್ಟು ತೊಂದರೆಯಿಲ್ಲ. ಹೊಸ ಮೇಷ್ಟ್ರ ಕಥೆ ಬೇರೆ. ಅವರು ತಮ್ಮ ಒಂದು ಮನೆಯ ಷಡ್ಜ ಹಿಡಿದರೆ ಮಕ್ಕಳು ಅದನ್ನು ಒಂದು ಸ್ಥಾಯಿ ಮೇಲೆ ಹಿಡಿಯಬೇಕು. ಕೆಲವು ಮಕ್ಕಳು ತಾವಾಗಿಯೇ ಹಿಡಿಯುತ್ತಾರೆ. ಕೆಲವರು ಮೇಷ್ಟ್ರ ಧ್ವನಿಯಷ್ಟೇ ಕೆಳಗೆ ಇಳಿಯಲು ಹೋಗಿ ಗೊಗ್ಗರು ದನಿ ಮಾಡುತ್ತಾರೆ. ‘ಈ ಮಗುವಿಗೆ ಶ್ರುತಿಜ್ಞಾನವಿಲ್ಲ’ ಎಂಬ ತೀರ್ಪು ಬರುವುದು ಆಗ. ಮಗುವಿನ ಕಿವಿ ಸರಿಯಾಗಿಯೇ ಇದೆ, ಕೊಟ್ಟ ಷಡ್ಜ ಅದಕ್ಕೆ ಎಟಕುವುದಿಲ್ಲ ಅಷ್ಟೆ. ಚೆನ್ನಾಗಿ ಹಾಡುವ ಇನ್ನೊಂದು ಮಗುವನ್ನು ಮುಂದೆ ನಿಲ್ಲಿಸಿ ಅದರಿಂದ ಹೇಳಿಸಿದರೆ, ಇಲ್ಲವೇ ಹಾರ್ಮೋನಿಯಂನಲ್ಲಿ ಮಕ್ಕಳ ಸ್ಥಾಯಿಯ ಷಡ್ಜ ಒತ್ತಿ ತೋರಿಸಿದರೆ, ಅರ್ಧಕ್ಕರ್ಧ ತೊಡಕು ಅಂದೇ ಬಿಡುತ್ತದೆ.

ಎಂಟನೇ ತರಗತಿಯಲ್ಲಿ ಇನ್ನೊಂದು ಸಂಕಟ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗುತ್ತವೆ, ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರ ಧ್ವನಿಯೂ ಇಳಿಯುತ್ತದೆ, ಅಷ್ಟಿಲ್ಲ. ಇಳಿಯುವ ಆ ತಿಂಗಳುಗಳಲ್ಲಿ ಹುಡುಗನಿಗೆ ತನ್ನ ಗಂಟಲೇ ಗುರುತು ಸಿಗುವುದಿಲ್ಲ. ಏಳನೇ ತರಗತಿಯವರೆಗೆ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತಂದ ಹುಡುಗ ಈಗ ಪಂಚಮ ಮುಟ್ಟುವ ಮೊದಲೇ ಕೀರಲಾಗುತ್ತಾನೆ. ತರಗತಿ ನಗುತ್ತದೆ. ತರಬೇತಿಯಿಲ್ಲದ ಶಿಕ್ಷಕ ಅವನನ್ನು ಹಿಂದಿನ ಸಾಲಿಗೆ ಕಳಿಸುತ್ತಾನೆ. ಅನೇಕ ಗಂಡಸರು ‘ಚಿಕ್ಕವನಿದ್ದಾಗ ಹಾಡುತ್ತಿದ್ದೆ, ಆಮೇಲೆ ಬಿಟ್ಟುಹೋಯಿತು’ ಎನ್ನುತ್ತಾರಲ್ಲ, ಅದು ಬಿಟ್ಟುಹೋದದ್ದು ಸಾಮಾನ್ಯವಾಗಿ ಈ ಹಿಂದಿನ ಸಾಲಿನಲ್ಲಿ. ತಿಳಿದ ಶಿಕ್ಷಕ ಮಾಡುವುದು ಸರಳ: ಶ್ರುತಿ ಇಳಿಸುವುದು, ನಾಲ್ಕೈದು ಸ್ವರದೊಳಗೆ ಮುಗಿಯುವ ಹಾಡು ಕೊಡುವುದು, ಮೇಲಿನ ಸ್ಥಾಯಿಗೆ ಎಳೆದಾಡದಿರುವುದು, ತಾಳದ ಹೊಣೆಯನ್ನು ಅವನ ಕೈಗೆ ಒಪ್ಪಿಸುವುದು. ಇದೇನು ರಹಸ್ಯವಿದ್ಯೆಯಲ್ಲ. ಆದರೆ ಬಾಯಿಬಿಟ್ಟು ಹೇಳುವವರು ಬೇಕು. ಪದವಿಯ ಯಾವ ಪತ್ರಿಕೆಯಲ್ಲಿ ಇದನ್ನು ಹೇಳುತ್ತಾರೆ?

ತಾಳವೂ ಹಾಗೆಯೇ. ಆದಿತಾಳದ ಒಂದು ಪೆಟ್ಟು, ಮೂರು ಎಣಿಕೆ, ಎರಡು ಸಲ ಪೆಟ್ಟು-ಹುಸಿ ಕಾಲೇಜು ವಿದ್ಯಾರ್ಥಿಗೆ ಉಸಿರಾಟದಷ್ಟು ಸಹಜ. ನಲವತ್ತು ಮಕ್ಕಳು ಒಟ್ಟಿಗೆ ತಟ್ಟತೊಡಗಿದರೆ ಎರಡನೇ ಆವರ್ತಕ್ಕೆ ಓಟ ಶುರು. ತರಗತಿಯನ್ನು ಎರಡು ಮಾಡಿ ಅರ್ಧದವರು ಹಾಡಿ ಅರ್ಧದವರು ತಾಳ ಹಾಕಿ ಆಮೇಲೆ ಅದಲುಬದಲು ಮಾಡಿದರೆ ಓಟ ನಿಲ್ಲುತ್ತದೆ. ಅನುಭವಿ ಶಿಕ್ಷಕರೆಲ್ಲ ಇಂಥವನ್ನು ತಾವೇ ಕಂಡುಕೊಂಡಿದ್ದಾರೆ. ಕಂಡುಕೊಳ್ಳಲು ಅವರಿಗೆ ಹಿಡಿದ ವರ್ಷಗಳಲ್ಲಿ ಎಷ್ಟು ತರಗತಿಗಳು ದಾಟಿಹೋದವೋ.

ಏನನ್ನು ಹಾಡಿಸಬೇಕು ಎಂಬ ಪ್ರಶ್ನೆಯೂ ಸಣ್ಣದಲ್ಲ. ಶಾಲೆಯ ಸಂಗೀತ ಶಿಕ್ಷಕರ ದಿನ ಆರಂಭವಾಗುವುದು ಭೈರವಿ ವರ್ಣದಿಂದಲ್ಲ, ಬೆಳಗಿನ ಪ್ರಾರ್ಥನೆ ಮತ್ತು ನಾಡಗೀತೆಯಿಂದ. ಕುವೆಂಪು ಅವರ ಕವಿತೆಯನ್ನು ರಾಜ್ಯ ಸರ್ಕಾರ 2004ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು. 2022ರ ಸೆಪ್ಟೆಂಬರಿನಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಅಂಗಳದಲ್ಲಿ ಮುನ್ನೂರು ಮಕ್ಕಳನ್ನು ನಿಲ್ಲಿಸಿ ಅಷ್ಟೇ ಹೊತ್ತಿನಲ್ಲಿ, ಚರಣದಲ್ಲಿ ಯಾರ ಧ್ವನಿಯೂ ಒಡೆಯದ ಶ್ರುತಿಯಲ್ಲಿ ಎತ್ತಿಕೊಡುವುದು ಹುಡುಗಾಟವಲ್ಲ. ಉತ್ಸಾಹದಲ್ಲಿ ಒಂದು ಮನೆ ಮೇಲಿಂದ ಎತ್ತಿದರೆ ತಾರಸ್ಥಾಯಿಯ ಸಾಲುಗಳಲ್ಲಿ ಅರ್ಧ ಶಾಲೆ ಮೌನವಾಗುತ್ತದೆ, ಉಳಿದರ್ಧ ಅರಚುತ್ತದೆ.

ಆಮೇಲೆ ಕನ್ನಡ ಪಠ್ಯದ ಪದ್ಯಗಳಿಗೆ ಧಾಟಿ, ವಚನ, ಕೀರ್ತನೆ, ಜನಪದ ಗೀತೆ, ಸ್ವಾತಂತ್ರ್ಯ ದಿನಾಚರಣೆಗೆ ಸಮೂಹಗಾನ, ಕನ್ನಡ ರಾಜ್ಯೋತ್ಸವಕ್ಕೆ ಮತ್ತೊಂದು, ವಾರ್ಷಿಕೋತ್ಸವಕ್ಕೆ ಹತ್ತು. ಶಾಸ್ತ್ರೀಯ ಸಂಗೀತದ ಪದವೀಧರರಿಗೆ ಇದು ಕೀಳೆಂದು ಕಾಣುವುದುಂಟು. ಸುಗಮ ಸಂಗೀತವನ್ನು ‘ಲೈಟ್’ ಎಂದು ಬದಿಗಿಡುವ ಚಾಳಿ ಸಂಗೀತ ಕಾಲೇಜುಗಳಲ್ಲಿ ಇನ್ನೂ ಹೋಗಿಲ್ಲ. ಆದರೆ ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಧಾಟಿಗಳಿಂದಲೇ ಕನ್ನಡದ ಮಕ್ಕಳು ಕವಿತೆಯನ್ನು ಕಿವಿಯಿಂದ ಕಲಿತದ್ದು. ಮಲ್ಲಿಕಾರ್ಜುನ ಮನ್ಸೂರರಂಥ ಘನ ಗಾಯಕರು ವಚನ ಹಾಡಲು ಎಂದೂ ಹಿಂಜರಿಯಲಿಲ್ಲ. ನಿನ್ನೆ ಮೊನ್ನೆ ಡಿಗ್ರಿ ಮುಗಿಸಿದವರಿಗೆ ಬಿಂಕವೇಕೆ?

ವಾದ್ಯದ ಮಾತೂ ಬರಬೇಕು. ಹಳೆಯ ಶಾಲೆಗಳ ಉಗ್ರಾಣದಲ್ಲಿ ಈಗಲೂ ಹಾರ್ಮೋನಿಯಂ ಒಂದು ಸಿಗುತ್ತದೆ. 1940ರಿಂದ 1971ರವರೆಗೆ ಆಕಾಶವಾಣಿ ತನ್ನ ಬಾಗಿಲೊಳಗೆ ಬಿಟ್ಟುಕೊಳ್ಳದ ಈ ಪೆಟ್ಟಿಗೆ ಶಾಲೆಗಳಲ್ಲಿ, ಭಜನೆಯ ಮನೆಗಳಲ್ಲಿ, ಕಂಪನಿ ನಾಟಕಗಳಲ್ಲಿ ಆ ಕಾಲದಲ್ಲೂ ರಾಜ್ಯವಾಳಿತು. ಗಮಕ ನುಡಿಸಲಾರದು ನಿಜ, ಆದರೆ ಗದ್ದಲದ ಕೋಣೆಯಲ್ಲಿ ಷಡ್ಜವನ್ನು ಹಿಂದಿನ ಬೆಂಚಿಗೂ ಮುಟ್ಟಿಸುತ್ತದೆ. ಬೆಂಗಳೂರಿನಲ್ಲಿ ಜಿ. ರಾಜನಾರಾಯಣ್ ರೂಪಿಸಿದ ರಾಡೆಲ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಈಗ ಮೊಬೈಲಿನ ತಂಬೂರಿ ಆ್ಯಪ್‌ಗಳು ಬಂದ ಮೇಲೆ ಶ್ರುತಿಗೆ ಬರವಿಲ್ಲ. ಮೊಬೈಲಿನ ದನಿ ನಲವತ್ತು ಮಕ್ಕಳ ನಡುವೆ ಕೇಳಿಸುವುದಿಲ್ಲ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ. ಹಾಡುಗಾರಿಕೆಯ ವಿದ್ಯಾರ್ಥಿಯೂ ಹಾರ್ಮೋನಿಯಂನಲ್ಲೋ ಕೀಬೋರ್ಡಿನಲ್ಲೋ ಒಂದು ಹಾಡು ಹಿಡಿದು ನುಡಿಸುವಷ್ಟು ಕೈ ಮಾಡಿಕೊಂಡಿರಬೇಕು.

ಕಲಿಸುವುದನ್ನು ಕಲಿಸುವ ಏರ್ಪಾಡು ಕರ್ನಾಟಕದಲ್ಲಿ ಎಲ್ಲೂ ಇಲ್ಲವೆಂದಲ್ಲ. ಕಾಲೇಜಿನ ಹೊರಗೆ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರು. ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಅಲ್ಲಿ ಅನ್ನವೂ ಸಂಗೀತವೂ ಸಿಕ್ಕಿತು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಇವರೆಲ್ಲ ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂಬುದು ಎಲ್ಲರಿಗೂ ಗೊತ್ತು. ಗೊತ್ತಿರದ ಇನ್ನೊಂದು ಸಾಲಿದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಶಾಲೆಯ ಸಂಗೀತ ಮಾಸ್ತರರಾಗಿ, ಮನೆಪಾಠದ ಗವಾಯಿಗಳಾಗಿ ಬದುಕು ಕಟ್ಟಿಕೊಂಡ ಆಶ್ರಮದ ವಿದ್ಯಾರ್ಥಿಗಳ ಸಾಲು ಅದು.

ಅವರಿಗೆ ಕಲಿಸಲು ಹೇಗೆ ಬಂತು? ಗುರುಕುಲದ ರೂಢಿಯೇ ಹಾಗೆ: ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳಬೇಕು. ನಿನ್ನೆ ಕಲಿತ ಪಲ್ಟಾವನ್ನು ಇವತ್ತು ಕಿರಿಯನ ಬಾಯಲ್ಲಿ ಕೂರಿಸಬೇಕು. ಕೂರಲಿಲ್ಲವೆಂದರೆ ಗುರುಗಳ ಕಿವಿಗೆ ಬೀಳುತ್ತದೆ, ಮೊದಲು ಹೇಳಿಸಿಕೊಳ್ಳುವವನು ಹೇಳಿಕೊಟ್ಟವನೇ. ಕಣ್ಣಿಲ್ಲದ ಹುಡುಗನಿಗೆ ಪುಸ್ತಕ ತೋರಿಸಿ ಪಾರಾಗುವಂತಿಲ್ಲ, ಬೋರ್ಡಿನ ಮೇಲೆ ಬರೆದು ಮುಗಿಸುವಂತಿಲ್ಲ. ಬಾಯಿಂದ ಬಾಯಿಗೆ, ಕೈ ಹಿಡಿದು, ಸಾವಧಾನವಾಗಿ ದಾಟಿಸಬೇಕು. ಬಿ.ಇಡಿ.ಯವರು ಅಭ್ಯಾಸ ಬೋಧನೆ ಎನ್ನುವುದು ಇದನ್ನೇ, ಅಲ್ಲಿ ಅದು ದಿನಚರಿಯಾಗಿತ್ತು. ಪುಟ್ಟರಾಜರ ಬಳಿ ಹನ್ನೆರಡು ವರ್ಷ ಇದ್ದು ಕಲಿತ ಎಂ. ವೆಂಕಟೇಶಕುಮಾರ್ ಮುಂದೆ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಆಶ್ರಮದ ಆ ರೂಢಿ ಮಾತ್ರ ಕಾಲೇಜಿನ ಪಠ್ಯಕ್ರಮದೊಳಗೆ ಬರಲಿಲ್ಲ.

ಇತ್ತ ಪಾಶ್ಚಾತ್ಯ ಸಂಗೀತ ಕಲಿಯುವ ಬೆಂಗಳೂರಿನ ಮಕ್ಕಳು ಲಂಡನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಮಂಡಳಿಗಳ ಪರೀಕ್ಷೆ ಕಟ್ಟುತ್ತಾರೆ. ಎಂಟು ಗ್ರೇಡು ಮುಗಿದ ಮೇಲೆ ಡಿಪ್ಲೊಮಾಗಳು. ಅಲ್ಲಿ ನುಡಿಸುವವರ ಡಿಪ್ಲೊಮಾ ಬೇರೆ, ಕಲಿಸುವವರ ಡಿಪ್ಲೊಮಾ ಬೇರೆ. ಕಲಿಸುವವರು ತಮ್ಮ ಶಿಷ್ಯರ ಪ್ರಗತಿಯ ಬಗ್ಗೆ ಬರೆದುಕೊಡಬೇಕು, ಪರೀಕ್ಷಕರ ಮುಂದೆ ಬೋಧನೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಆ ಮಂಡಳಿಗಳ ಶುಲ್ಕವನ್ನೂ ಇಂಗ್ಲಿಷ್ ಠೀವಿಯನ್ನೂ ಮೆಚ್ಚಬೇಕಿಲ್ಲ. ಎರಡು ಬೇರೆ ಕೆಲಸಕ್ಕೆ ಎರಡು ಬೇರೆ ಪರೀಕ್ಷೆ ಎಂಬ ಲೆಕ್ಕಾಚಾರ ಮಾತ್ರ ಸರಿಯಾಗಿದೆ.

ಹಾಗಾದರೆ ಬಿ.ಇಡಿ. ಮಾಡಿದರಾಯಿತಲ್ಲ ಎನ್ನಬಹುದು. ಮಾಡಿದವರಿದ್ದಾರೆ. ಆದರೆ ರಾಜ್ಯದ ಬಿ.ಇಡಿ. ಕಾಲೇಜುಗಳಲ್ಲಿ ಬೋಧನಾ ವಿಷಯವಾಗಿ ಸಂಗೀತ ಸಿಗುವುದು ಅಪರೂಪ. ಸಂಗೀತ ಪದವೀಧರ ಅಲ್ಲಿ ಕನ್ನಡವನ್ನೋ ಇತಿಹಾಸವನ್ನೋ ಹಿಡಿದು ಅದರ ಪಾಠಯೋಜನೆ ಬರೆಯುತ್ತಾನೆ. 2014ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಚೌಕಟ್ಟಿನಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಪತ್ರಿಕೆಯೊಂದಿದೆ. ಅದು ಎಲ್ಲ ಶಿಕ್ಷಕರಿಗೂ ಕಲೆಯ ಪರಿಚಯ ಮಾಡಿಸುವಂಥದ್ದು, ಸಂಗೀತ ಶಿಕ್ಷಕನನ್ನು ತಯಾರಿಸುವಂಥದ್ದಲ್ಲ. ಅದೇ ಚೌಕಟ್ಟು ಪ್ರದರ್ಶನ ಕಲೆಗಳ ಶಿಕ್ಷಣಕ್ಕೆಂದೇ ಡಿಪ್ಲೊಮಾ ಒಂದನ್ನು ಹೇಳಿತ್ತು. ಅದರ ಹೆಸರು ಕೇಳಿದ ಸಂಗೀತ ವಿದ್ಯಾರ್ಥಿಗಳನ್ನು ಹುಡುಕುವುದೇ ಕಷ್ಟ.

ಈ ನಡುವೆ ಪುಸ್ತಕಗಳು ಬದಲಾಗುತ್ತಿವೆ. 2020ರ ಶಿಕ್ಷಣ ನೀತಿ ಕಲೆಯನ್ನು ಪಠ್ಯೇತರವೆಂದು ಬದಿಗಿಡಬಾರದು ಎಂದಿತು. ಎನ್‌ಸಿಇಆರ್‌ಟಿ 2024ರಲ್ಲಿ ಮೂರನೇ ತರಗತಿಗೆ ‘ಬಾಂಸುರಿ’, ಆರನೇ ತರಗತಿಗೆ ‘ಕೃತಿ’ ಎಂಬ ಕಲಾ ಪಠ್ಯಪುಸ್ತಕ ಹೊರತಂದಿತು. ಎರಡರಲ್ಲೂ ಸಂಗೀತವಿದೆ. ಪುಸ್ತಕ ಶಾಲೆಗೆ ಬರುತ್ತದೆ, ಅದನ್ನು ತೆರೆದು ಹಾಡಿಸಬೇಕಾದವರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಸಂಗೀತ ಕಾಲೇಜುಗಳಲ್ಲದೆ ಬೇರೆ ಉತ್ತರವಿಲ್ಲ.

ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಹೋಗಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಪಠ್ಯಕ್ರಮಗಳನ್ನು ಹೇಗೂ ತಿದ್ದಿ ಬರೆದಾಗಿದೆ, ಮುಂದೆಯೂ ತಿದ್ದುತ್ತಾರೆ. ಮುಂದಿನ ಸಲ ಅಧ್ಯಯನ ಮಂಡಳಿಗಳು ಕೂತಾಗ ಒಂದು ಪತ್ರಿಕೆಗೆ ಜಾಗ ಮಾಡಲಿ. ದೊಡ್ಡ ಖರ್ಚಿನ ಕೆಲಸವಲ್ಲ. ಕೊನೆಯ ವರ್ಷ ಒಂದು ಸೆಮಿಸ್ಟರ್ ವಾರಕ್ಕೆ ಎರಡು ಅವಧಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪಾಠ, ಅಧ್ಯಾಪಕರೊಬ್ಬರು ಹಿಂದೆ ಕೂತು ನೋಡುವುದು, ಪ್ರಾಯೋಗಿಕ ಪರೀಕ್ಷೆಯಲ್ಲಿ ತೋಡಿ ಆಲಾಪನೆಯ ಜೊತೆಗೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಒಂದು ಹಾಡು ಹೇಳಿಕೊಡುವುದು. ಅದಕ್ಕೆ ಇಪ್ಪತ್ತೈದು ಅಂಕ ಇಟ್ಟರೂ ಸಾಕು, ವಿದ್ಯಾರ್ಥಿಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಈ ವರ್ಷ ಸಂಗೀತ ಕಾಲೇಜಿಗೆ ಅರ್ಜಿ ಹಾಕುವವರು ಅಷ್ಟು ದಿನ ಕಾಯಬೇಕಿಲ್ಲ. ಪ್ರವೇಶದ ದಿನ ಶುಲ್ಕ ಎಷ್ಟು, ಹಾಸ್ಟೆಲ್ ಇದೆಯೇ ಎಂದು ಕೇಳುವಾಗ ಇದನ್ನೂ ಕೇಳಲಿ: ಮೂರು ವರ್ಷದಲ್ಲಿ ಒಮ್ಮೆಯಾದರೂ ಮಕ್ಕಳಿಗೆ ಪಾಠ ಹೇಳುವ ಅವಕಾಶ ಕೊಡುತ್ತೀರಾ? ಇಲ್ಲ ಎಂಬ ಉತ್ತರ ಬಂದರೆ ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರನ್ನು ತಾವೇ ಹೋಗಿ ಕಾಣಲಿ. ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿ ವಾರಕ್ಕೊಂದು ಅವಧಿ ಹಾಡಿಸುತ್ತೇನೆಂದರೆ ಬೇಡವೆನ್ನುವವರು ಕಡಿಮೆ.